ಕೀಲಿ ಕೊಡದೆ ನಡೆಯುವ ಗಡಿಯಾರ: ಕೈಯಿಂದ ಕಟ್ಟಿದ ವಿದ್ಯುತ್ಕೋಶಗಳ ಒಂದು ಅಧ್ಯಯನ

ಕಾಲವನ್ನು ಅಳೆಯುವ ಉಪಕರಣ ಯಾವುದೇ ಆಗಲಿ, ಅದು ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ. ಸಮನಾದ ಅಂತರದಲ್ಲಿ ಮರುಕಳಿಸುವ ಒಂದು ಚಲನೆಯನ್ನು ಕಾಪಾಡಿಕೊಂಡು ಬರುವುದು ಮೊದಲನೆಯದು. ಆ ಚಲನೆಗಳನ್ನು ಎಣಿಸಿ ಮುಳ್ಳುಗಳ ಮೂಲಕ ತೋರಿಸುವುದು ಎರಡನೆಯದು. ಎರಡಕ್ಕೂ ಶಕ್ತಿ ಬೇಕು. ಗುಂಡಿನ ಗಡಿಯಾರದಲ್ಲಿ ಕೆಳಗಿಳಿಯುವ ಭಾರವೂ, ಸ್ಪ್ರಿಂಗಿನ ಗಡಿಯಾರದಲ್ಲಿ ಬಿಚ್ಚಿಕೊಳ್ಳುವ ಉಕ್ಕಿನ ಸುರುಳಿಯೂ ಆ ಶಕ್ತಿಯನ್ನು ಒದಗಿಸುತ್ತವೆ. ಆದರೆ ಭಾರವನ್ನು ಮೇಲಕ್ಕೆತ್ತುವ, ಸ್ಪ್ರಿಂಗನ್ನು ಸುತ್ತುವ ಕೈಯೊಂದು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಬರಲೇಬೇಕು. ಆ ಕೈ ಮರೆತರೆ ಗಡಿಯಾರ ನಿಲ್ಲುತ್ತದೆ.

ಈ ಕೈಯನ್ನು ತಪ್ಪಿಸಿ ವರ್ಷಗಟ್ಟಲೆ ತಾನಾಗಿ ನಡೆಯುವ ಗಡಿಯಾರವನ್ನು ಕಟ್ಟಬಹುದೇ ಎಂಬ ಪ್ರಶ್ನೆ ವಿದ್ಯುತ್ಕೋಶದ ಜನನದೊಡನೆಯೇ ಹುಟ್ಟಿತು. ಅದಕ್ಕೆ ಉತ್ತರ ಕಂಡುಕೊಂಡವರಲ್ಲಿ ಹಲವರು ತಮ್ಮ ಕೋಶಗಳನ್ನು ತಮ್ಮ ಕೈಯಾರೆ, ಕಾಗದ, ಜೇನುತುಪ್ಪ, ಸತು, ತಾಮ್ರ, ಒದ್ದೆ ಮಣ್ಣು ಮುಂತಾದ ಸುಲಭ ಸಾಮಗ್ರಿಗಳಿಂದ ಕಟ್ಟಿಕೊಂಡರು. ಅವರ ಸಾಧನೆಯನ್ನು ಪರಿಶೀಲಿಸಿದರೆ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಗಡಿಯಾರದ ದೀರ್ಘಾಯುಷ್ಯವು ಕೋಶದ ಬಲವನ್ನು ಅವಲಂಬಿಸಿಲ್ಲ. ಗಡಿಯಾರವು ಎಷ್ಟು ಅಲ್ಪವನ್ನು, ಯಾವ ಸಮಯದಲ್ಲಿ ಬೇಡುತ್ತದೆ ಎಂಬುದನ್ನು ಅವಲಂಬಿಸಿದೆ. ಈ ತತ್ತ್ವವನ್ನು ಚರಿತ್ರೆಯಿಂದಲೂ ಲೆಕ್ಕದಿಂದಲೂ ವಿವರಿಸಿ, ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇಂತಹ ಗಡಿಯಾರವನ್ನು ಕಟ್ಟುವ ಬಗೆಯನ್ನು ಸೂಚಿಸುವುದು ಈ ಲೇಖನದ ಉದ್ದೇಶವಾಗಿದೆ.

ಒಣ ಕಂಬ

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾನು 1800ರಲ್ಲಿ ತನ್ನ ವಿದ್ಯುತ್ ಕಂಬವನ್ನು ಲೋಕಕ್ಕೆ ತಿಳಿಸಿದನು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಮತ್ತೆ ಬೆಳ್ಳಿ, ಮತ್ತೆ ಸತು, ಹೀಗೆ ಒಂದರ ಮೇಲೊಂದು ಪೇರಿಸಿದ ಆ ಕಂಬದಿಂದ ಎಡೆಬಿಡದೆ ವಿದ್ಯುತ್ತು ಹರಿಯಿತು. ಆದರೆ ರಟ್ಟು ಒಣಗಿದೊಡನೆ ಕಂಬದ ಸತ್ವವೂ ಉಡುಗುತ್ತಿತ್ತು. ದೀರ್ಘಕಾಲದ ಕೆಲಸಕ್ಕೆ ಅದು ಒದಗುವಂತಿರಲಿಲ್ಲ.

ಜಿನೀವಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡೆಲುಕ್ ಎಂಬ ವಿದ್ವಾಂಸನು 1810ರ ಸುಮಾರಿಗೆ ನೀರನ್ನೇ ಸುರಿಯದ ಕಂಬವೊಂದನ್ನು ಕಟ್ಟಿದನು. ಇಟಲಿಯ ವೆರೋನಾ ಪಟ್ಟಣದ ಪಾದ್ರಿಯೂ ಭೌತಶಾಸ್ತ್ರದ ಅಧ್ಯಾಪಕನೂ ಆಗಿದ್ದ ಜುಸೆಪ್ಪೆ ಝಂಬೋನಿಯು 1812ರಲ್ಲಿ ಅದನ್ನು ಉತ್ತಮಪಡಿಸಿದನು. ಅವನ ವಿಧಾನ ಸರಳವಾದದ್ದು. ಒಂದು ಮೈಗೆ ಲೋಹದ ತೆಳುಹಾಳೆಯನ್ನು ಅಂಟಿಸಿದ ಕಾಗದದ ಇನ್ನೊಂದು ಮೈಗೆ ಮ್ಯಾಂಗನೀಸ್ ಡೈಆಕ್ಸೈಡಿನ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಸವರುವುದು. ಒಣಗಿದ ಮೇಲೆ ಅದರಿಂದ ಸಣ್ಣ ಬಿಲ್ಲೆಗಳನ್ನು ಕತ್ತರಿಸುವುದು. ಎಲ್ಲ ಬಿಲ್ಲೆಗಳ ಲೋಹದ ಮೈ ಒಂದೇ ದಿಕ್ಕಿಗಿರುವಂತೆ ಸಾವಿರಾರು ಬಿಲ್ಲೆಗಳನ್ನು ಗಾಜಿನ ಕೊಳವೆಯಲ್ಲಿ ಒತ್ತಿ ತುಂಬುವುದು. ಒಂದೊಂದು ಬಿಲ್ಲೆಯಿಂದ ಸುಮಾರು 0.8 ವೋಲ್ಟ್ ದೊರೆಯುತ್ತದೆ. ಎಂದರೆ 2,500 ಬಿಲ್ಲೆಗಳಿಂದ 2,000 ವೋಲ್ಟ್. ಇದಕ್ಕೆ ಒಣ ಕಂಬವೆಂದು ಹೆಸರಾದರೂ ಇದು ಸಂಪೂರ್ಣವಾಗಿ ಒಣಗಿದ್ದಲ್ಲ. ಕಾಗದವು ಗಾಳಿಯಿಂದ ಹೀರಿಕೊಂಡ ತೇವವೇ ಇದರ ಜೀವಾಳ. ಆ ತೇವವನ್ನು ಪೂರ್ಣವಾಗಿ ತೆಗೆದುಬಿಟ್ಟರೆ ಕಂಬವು ಕೆಲಸವನ್ನು ನಿಲ್ಲಿಸುತ್ತದೆ.

ಲಂಡನ್ನಿನ ಫ್ರಾನ್ಸಿಸ್ ರೊನಾಲ್ಡ್ಸ್ ಎಂಬ ತರುಣನು ಇಂತಹ ಕಂಬದಿಂದ ಲೋಲಕವನ್ನು ತೂಗಿಸಿ, 1814ರಲ್ಲಿ ವಿದ್ಯುತ್ ಗಡಿಯಾರವನ್ನು ರಚಿಸಿ, ಮರುವರ್ಷ ಅದರ ವಿವರವನ್ನು ಪ್ರಕಟಿಸಿದನು. ಅದೇ 1815ರಲ್ಲಿ ಝಂಬೋನಿಯೂ ತನ್ನ ಗಡಿಯಾರವನ್ನು ಪ್ರದರ್ಶಿಸಿದನು. ಕೀಲಿಯೇ ಇಲ್ಲದ ಗಡಿಯಾರವನ್ನು ಜಗತ್ತು ಮೊದಲಬಾರಿಗೆ ಕಂಡದ್ದು ಹೀಗೆ. ಆದರೆ ನಡೆಯುವುದು ಬೇರೆ, ಸರಿಯಾದ ಹೊತ್ತನ್ನು ತೋರಿಸುವುದು ಬೇರೆ. ಹವೆಯ ಉಷ್ಣತೆ ಮತ್ತು ತೇವ ಬದಲಾದಂತೆ ಒಣ ಕಂಬದ ಬಲವೂ ಏರಿಳಿಯುತ್ತಿತ್ತು. ಅದರೊಡನೆ ಗಡಿಯಾರದ ನಡಿಗೆಯೂ ಓಲಾಡುತ್ತಿತ್ತು. ಈ ಕೊರತೆಯನ್ನು ನೀಗಿಸಲು ರೊನಾಲ್ಡ್ಸನು ಬಹಳ ಶ್ರಮಪಟ್ಟನು.

ಆಕ್ಸ್‌ಫರ್ಡಿನ ಘಂಟೆ

ಒಣ ಕಂಬದ ಆಯುಷ್ಯಕ್ಕೆ ಸಾಕ್ಷಿಯಾಗಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಲಾರೆಂಡನ್ ಪ್ರಯೋಗಾಲಯದಲ್ಲಿ ಒಂದು ಉಪಕರಣವಿದೆ. ಲಂಡನ್ನಿನ ವಾಟ್‌ಕಿನ್ಸ್ ಮತ್ತು ಹಿಲ್ ಎಂಬ ಉಪಕರಣ ತಯಾರಕರು ಇದನ್ನು ಮಾಡಿದರು. ಆಕ್ಸ್‌ಫರ್ಡಿನ ಭೌತಶಾಸ್ತ್ರದ ಅಧ್ಯಾಪಕ ರಾಬರ್ಟ್ ವಾಕರನು ಇದನ್ನು ಕೊಂಡನು. 1840ರಲ್ಲಿ ಸ್ಥಾಪಿತವಾಯಿತೆಂದು ಅವನ ಕೈಬರಹದ ಚೀಟಿಯೊಂದು ಇದರೊಡನೆ ಇದೆ. ಗಾಜಿನ ಮರೆಯೊಳಗೆ ಎರಡು ಒಣ ಕಂಬಗಳು, ಅವುಗಳ ಕೆಳಗೆ ಒಂದೊಂದು ಹಿತ್ತಾಳೆಯ ಘಂಟೆ, ಎರಡು ಘಂಟೆಗಳ ನಡುವೆ ನೂಲಿನಿಂದ ತೂಗುವ ಸುಮಾರು 4 ಮಿಲಿಮೀಟರ್ ಗಾತ್ರದ ಲೋಹದ ಗುಂಡು. ಇಷ್ಟೇ ಇದರ ರಚನೆ.

ಇದು ಕೆಲಸ ಮಾಡುವ ಕ್ರಮವನ್ನು ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಹುದು. ಗುಂಡು ಒಂದು ಘಂಟೆಯನ್ನು ಮುಟ್ಟಿದಾಗ ಆ ಘಂಟೆಯ ವಿದ್ಯುದಂಶವನ್ನು ತಾನೂ ಪಡೆಯುತ್ತದೆ. ಸಜಾತೀಯ ವಿದ್ಯುದಂಶಗಳು ಪರಸ್ಪರ ವಿಕರ್ಷಿಸುವುದರಿಂದ ಅದು ಅಲ್ಲಿಂದ ತಳ್ಳಲ್ಪಟ್ಟು, ವಿಜಾತೀಯವಾದ ಎದುರಿನ ಘಂಟೆಯ ಕಡೆಗೆ ಸೆಳೆಯಲ್ಪಡುತ್ತದೆ. ಅಲ್ಲಿ ತಾನು ಹೊತ್ತು ತಂದದ್ದನ್ನು ಒಪ್ಪಿಸಿ, ಅಲ್ಲಿಯದನ್ನು ಪಡೆದು ಹಿಂದಿರುಗುತ್ತದೆ. ಸೆಕೆಂಡಿಗೆ ಸುಮಾರು ಎರಡು ಬಾರಿ ಈ ತೂಗಾಟ ನಡೆಯುತ್ತದೆ. ಹವೆಯ ತೇವ ಹೆಚ್ಚಾದಾಗ ಆಗಾಗ ಅಲ್ಪಕಾಲ ತಡೆದದ್ದನ್ನು ಬಿಟ್ಟರೆ, ಅದು ಸಾವಿರ ಕೋಟಿ ಬಾರಿಯಷ್ಟು ಘಂಟೆಯನ್ನು ಮುಟ್ಟಿದೆಯೆಂದು ಅಂದಾಜು. ಆ ನಾದವು ಇಮ್ಮಡಿ ಗಾಜಿನ ಮರೆಯನ್ನು ದಾಟಿ ಕಿವಿಗೆ ಬೀಳುವುದಿಲ್ಲವೆನ್ನುವಷ್ಟು ಕ್ಷೀಣವಾದದ್ದು.

ಕಂಬಗಳ ಹೊರಮೈಗೆ ಕರಗಿಸಿದ ಗಂಧಕವನ್ನು ಲೇಪಿಸಿ ಭದ್ರಪಡಿಸಲಾಗಿದೆ. ಆದ್ದರಿಂದ ಒಳಗೆ ಯಾವ ಲೋಹ, ಯಾವ ಪುಡಿ, ಎಷ್ಟು ಬಿಲ್ಲೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಝಂಬೋನಿಯ ಮಾದರಿಯದೇ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಒಡೆದು ನೋಡಿದರೆ ಉತ್ತರ ಸಿಗುತ್ತದೆ, ಆದರೆ ಘಂಟೆ ನಿಲ್ಲುತ್ತದೆ. ಒಡೆಯದಿದ್ದರೆ ಘಂಟೆ ನಡೆಯುತ್ತದೆ, ಆದರೆ ಉತ್ತರ ಸಿಗುವುದಿಲ್ಲ. ಕಾಯುವುದನ್ನೇ ಆ ವಿದ್ಯಾಸಂಸ್ಥೆಯವರು ಆರಿಸಿಕೊಂಡಿದ್ದಾರೆ.

ಶೂನ್ಯದಿಂದ ಶಕ್ತಿಯುಂಟೇ?

ವರ್ಷಗಳು ಕಳೆದರೂ ದಣಿಯದ ಇಂತಹ ಕಂಬಗಳು ಆ ಕಾಲದ ಪಂಡಿತರಲ್ಲಿ ದೊಡ್ಡದೊಂದು ವಾದವನ್ನೇ ಎಬ್ಬಿಸಿದವು. ಎರಡು ಭಿನ್ನ ಲೋಹಗಳು ಪರಸ್ಪರ ಸ್ಪರ್ಶಿಸಿದರೆ ಸಾಕು, ಆ ಸ್ಪರ್ಶದಿಂದಲೇ ವಿದ್ಯುತ್ತು ಹುಟ್ಟುತ್ತದೆ ಎಂಬುದು ವೋಲ್ಟಾನ ಮತವಾಗಿತ್ತು. ಕಣ್ಣಿಗೆ ಕಾಣುವಂತೆ ಏನೂ ಕರಗದೆ, ಏನೂ ಸವೆಯದೆ ನಡೆಯುತ್ತಿದ್ದ ಒಣ ಕಂಬವು ಈ ಮತಕ್ಕೆ ಆಧಾರವೆಂದು ಅನೇಕರು ಭಾವಿಸಿದರು. ಮೈಕೆಲ್ ಫ್ಯಾರಡೆಯು ಇದನ್ನು ಒಪ್ಪಲಿಲ್ಲ. ವಿದ್ಯುತ್ತಿನ ಮೂಲವು ರಾಸಾಯನಿಕ ಕ್ರಿಯೆಯೇ ಎಂದೂ, ಯಾವ ವಸ್ತುವೂ ವ್ಯಯವಾಗದೆ ಬರಿಯ ಸ್ಪರ್ಶದಿಂದ ನಿರಂತರ ಪ್ರವಾಹವು ಹುಟ್ಟುವುದಾದರೆ ಅದು ಶೂನ್ಯದಿಂದ ಬಲವನ್ನು ಸೃಷ್ಟಿಸಿದಂತಾಗುವುದೆಂದೂ ಅವನು 1840ರಲ್ಲಿ ಪ್ರಕಟಿಸಿದ ಸಂಶೋಧನೆಗಳಲ್ಲಿ ವಾದಿಸಿದನು. ಆಕ್ಸ್‌ಫರ್ಡಿನ ಘಂಟೆ ಬಾರಿಸತೊಡಗಿದ್ದೂ ಅದೇ ವರ್ಷ. ಮುಂದೆ ಜೂಲ್, ಮೇಯರ್, ಹೆಲ್ಮ್‌ಹೋಲ್ಟ್ಸ್ ಇವರ ಕಾರ್ಯದಿಂದ ಶಕ್ತಿಯ ಸಂರಕ್ಷಣೆಯ ನಿಯಮವು ನೆಲೆಗೊಂಡಾಗ ಫ್ಯಾರಡೆಯ ಮಾತು ಸ್ಥಿರಪಟ್ಟಿತು.

ಹಾಗಾದರೆ ಘಂಟೆಯು ಇಷ್ಟು ಕಾಲ ನಡೆದದ್ದು ಹೇಗೆ? ಇದಕ್ಕೆ ಉತ್ತರವನ್ನು ಹತ್ತನೆಯ ತರಗತಿಯ ಲೆಕ್ಕವೇ ಕೊಡುತ್ತದೆ. ಆ ಉಪಕರಣದಲ್ಲಿ ಹರಿಯುವ ಪ್ರವಾಹವು ಸುಮಾರು ಒಂದು ನ್ಯಾನೋಆಂಪಿಯರ್, ಎಂದರೆ ಆಂಪಿಯರಿನ ನೂರು ಕೋಟಿಯಲ್ಲಿ ಒಂದು ಪಾಲು. ವರ್ಷವೊಂದರಲ್ಲಿ ಸುಮಾರು 3 ಕೋಟಿ 15 ಲಕ್ಷ ಸೆಕೆಂಡುಗಳಿವೆ. 1840ರಿಂದ 2025ರ ವರೆಗಿನ 185 ವರ್ಷಗಳಲ್ಲಿ ಹರಿದ ವಿದ್ಯುದಂಶವೆಲ್ಲ ಸೇರಿ 6 ಕೂಲಂಬ್ ಕೂಡ ಆಗುವುದಿಲ್ಲ. ಕೈದೀಪದ 0.3 ಆಂಪಿಯರಿನ ಬಲ್ಬು ಇಷ್ಟನ್ನು 20 ಸೆಕೆಂಡಿನಲ್ಲಿ ಹೀರುತ್ತದೆ. ಒಳಗಿರುವ ಲೋಹವು ಸತುವೆಂದೇ ಭಾವಿಸಿದರೆ, 185 ವರ್ಷಗಳಲ್ಲಿ ಒಂದೊಂದು ಬಿಲ್ಲೆಯಿಂದ ಈ ಕಾರ್ಯಕ್ಕೆ ಸವೆಯಬೇಕಾದದ್ದು ಸುಮಾರು 2 ಮಿಲಿಗ್ರಾಂ ಮಾತ್ರ. ಬೆಲೆಯನ್ನು ತೆರದೆ ಕೆಲಸ ನಡೆದಿಲ್ಲ; ತೆತ್ತ ಬೆಲೆಯು ಕಣ್ಣಿಗೆ ಕಾಣದಷ್ಟು ಅಲ್ಪವಾಗಿದೆ. ಕಣ್ಣಿಗೆ ಕಾಣದ ವ್ಯಯವನ್ನು ವ್ಯಯವೇ ಇಲ್ಲವೆಂದು ತಿಳಿಯುವ ಭ್ರಮೆಯಿಂದ ಬಿಡಿಸುವುದೇ ಈ ಪಾಠದ ಮೊದಲ ಫಲ.

ಭೂಮಿಯೊಳಗಿನ ಕೋಶ

ಒಣ ಕಂಬದ ಪ್ರವಾಹವು ಒಂದು ಹಗುರವಾದ ಗುಂಡನ್ನು ತೂಗಿಸಬಲ್ಲುದೇ ಹೊರತು ಸಾಮಾನ್ಯವಾದ ಗಡಿಯಾರದ ಚಕ್ರಗಳನ್ನು ಎಳೆಯಲಾರದು. ವಿದ್ಯುತ್ಕಾಂತದ ಬಲದಿಂದ ಭಾರವಾದ ಲೋಲಕವನ್ನು ನಡೆಸುವ ಉಪಾಯವನ್ನು ಕಂಡವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್. 1810ರಲ್ಲಿ ಸ್ಕಾಟ್ಲೆಂಡಿನ ಉತ್ತರದಂಚಿನ ವಾಟನ್ ಎಂಬ ಹಳ್ಳಿಯ ಬಡ ಬೇಸಾಯಗಾರನ ಮನೆಯಲ್ಲಿ ಹುಟ್ಟಿದ ಅವನು ವಿಕ್ ಪಟ್ಟಣದ ಗಡಿಯಾರ ರಿಪೇರಿಯವನ ಬಳಿ ಕೆಲಸ ಕಲಿಯಲು ಸೇರಿದನು. 1830ರಲ್ಲಿ ಥರ್ಸೊ ಎಂಬ ಊರಿನಲ್ಲಿ ಬೆಳಕು, ಶಾಖ, ವಿದ್ಯುತ್ತುಗಳನ್ನು ಕುರಿತ ಉಪನ್ಯಾಸವೊಂದನ್ನು ಕೇಳಲು ಇಪ್ಪತ್ತು ಮೈಲಿಗೂ ಹೆಚ್ಚು ದೂರ ನಡೆದು ಹೋದನೆಂದು ಅವನ ಚರಿತ್ರೆಕಾರರು ಹೇಳುತ್ತಾರೆ. ಅವನ ಬಾಳಿನ ದಿಕ್ಕನ್ನು ಬದಲಿಸಿದ್ದು ಆ ಒಂದು ಉಪನ್ಯಾಸ. 1837ರಲ್ಲಿ ಲಂಡನ್ನಿಗೆ ಹೋದ ಬೇನ್‌ನು, ಬಾರ್ವಿಸ್ ಎಂಬ ಗಡಿಯಾರ ತಯಾರಕನೊಡನೆ ಸೇರಿ 1841ರ ಜನವರಿಯಲ್ಲಿ ವಿದ್ಯುತ್ ಗಡಿಯಾರದ ಪೇಟೆಂಟನ್ನು ಪಡೆದನು.

ಬೇನ್‌ನ ಗಡಿಯಾರದಲ್ಲಿ ಲೋಲಕದ ಗುಂಡಿನ ಸ್ಥಾನದಲ್ಲಿ ತಾಮ್ರದ ತಂತಿಯ ಸುರುಳಿಯಿದ್ದು, ಅದು ಶಾಶ್ವತ ಅಯಸ್ಕಾಂತಗಳ ಮೇಲೆ ತೂಗಾಡುತ್ತಿತ್ತು. ತೂಗಾಟದ ಜೊತೆಗೆ ಒಂದು ಸಣ್ಣ ಸಂಪರ್ಕವು ಮುಚ್ಚಿ ತೆರೆದು, ಸುರುಳಿಗೆ ಪ್ರವಾಹವನ್ನು ಬಿಟ್ಟು ಬಿಟ್ಟು ಕೊಡುತ್ತಿತ್ತು. ಇದಕ್ಕೆ ಬೇಕಾದ ವಿದ್ಯುತ್ತಿಗೆ ಅವನು ಒದ್ದೆ ನೆಲದಲ್ಲಿ ಸತುವಿನ ತಗಡೊಂದನ್ನೂ, ಅದರಿಂದ ದೂರದಲ್ಲಿ ತಾಮ್ರದ ತಗಡೊಂದನ್ನೂ ಹೂಳಿ, ಎರಡರಿಂದಲೂ ತಂತಿಗಳನ್ನು ಒಳಕ್ಕೆ ತಂದನು. ಈ ಭೂಕೋಶದಿಂದ ಸುಮಾರು ಒಂದು ವೋಲ್ಟಿನಷ್ಟು ವಿಭವ ದೊರೆಯುತ್ತದೆ.

ಇಲ್ಲಿ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಭೂಮಿಯಿಂದ ವಿದ್ಯುತ್ತನ್ನು ತೆಗೆದಂತೆ ಇದು ಕಾಣುತ್ತದೆ. ವಾಸ್ತವದಲ್ಲಿ ಭೂಮಿಯು ಕೊಡುವುದು ತೇವವನ್ನೂ ಲವಣವನ್ನೂ ಮಾತ್ರ. ಶಕ್ತಿಯನ್ನು ಕೊಡುವುದು ಸವೆಯುತ್ತಿರುವ ಸತು. ವಿಜ್ಞಾನ ಪ್ರದರ್ಶನಗಳಲ್ಲಿ ನಿಂಬೆಹಣ್ಣಿಗೋ ಆಲೂಗಡ್ಡೆಗೋ ಸತು ಮತ್ತು ತಾಮ್ರದ ಕಡ್ಡಿಗಳನ್ನು ಚುಚ್ಚಿ ಪುಟ್ಟ ಗಡಿಯಾರವನ್ನು ನಡೆಸಿ, ಆಲೂಗಡ್ಡೆಯಿಂದ ವಿದ್ಯುತ್ತು ಎಂದು ಫಲಕ ಬರೆಯುವ ವಾಡಿಕೆಯಿದೆ. ಅಲ್ಲಿಯೂ ಶಕ್ತಿಯ ಮೂಲ ಸತುವೇ. ಎರಡೂ ಕಡ್ಡಿಗಳು ತಾಮ್ರದವೇ ಆಗಿದ್ದರೆ ಗಡಿಯಾರ ನಡೆಯುವುದಿಲ್ಲವೆಂಬುದನ್ನು ವಿದ್ಯಾರ್ಥಿಯಿಂದಲೇ ಮಾಡಿಸಿ ನೋಡಿದರೆ ಈ ಮಾತು ಅವನ ಮನಸ್ಸಿನಲ್ಲಿ ಅಳಿಯದೆ ನಿಲ್ಲುತ್ತದೆ.

ಬೇನ್‌ನ ಕೊನೆಯ ದಿನಗಳು ಸುಖಕರವಾಗಿರಲಿಲ್ಲ. ಗಡಿಯಾರವಲ್ಲದೆ, ಚಿತ್ರವನ್ನು ತಂತಿಯ ಮೂಲಕ ಕಳುಹಿಸುವ ಯಂತ್ರವನ್ನೂ ಯೋಚಿಸಿ 1843ರಲ್ಲಿ ಪೇಟೆಂಟ್ ಪಡೆದ ಆ ಪ್ರತಿಭಾವಂತನು ಗಳಿಸಿದ್ದನ್ನೆಲ್ಲ ಕಳೆದುಕೊಂಡು, ಪಾರ್ಶ್ವವಾಯುಪೀಡಿತನಾಗಿ 1877ರಲ್ಲಿ ತೀರಿಕೊಂಡನು. ಆದರೆ 1852ರಲ್ಲಿ ತಾನೇ ಬರೆದು ಪ್ರಕಟಿಸಿದ ವಿದ್ಯುತ್ ಗಡಿಯಾರದ ಕಿರುಚರಿತ್ರೆಯೂ, ಅವನು ಕಟ್ಟಿದ ಕೆಲವು ಗಡಿಯಾರಗಳೂ ಉಳಿದು ಬಂದಿವೆ.

ಬೇಕಾದಾಗ ಮಾತ್ರ ಬೇಡುವ ಲೋಲಕ

ಬೇನ್‌ನ ವಿಧಾನದಲ್ಲಿ ಒಂದು ನ್ಯೂನತೆಯಿತ್ತು. ಲೋಲಕಕ್ಕೆ ಅಗತ್ಯವಿರಲಿ ಇಲ್ಲದಿರಲಿ, ಪ್ರತಿ ತೂಗಾಟದಲ್ಲಿಯೂ ಅದಕ್ಕೆ ತಳ್ಳು ದೊರೆಯುತ್ತಿತ್ತು. ಇದರಿಂದ ಕೋಶವು ಬೇಗ ಸವೆಯುವುದು ಒಂದು ದೋಷ. ಕೋಶ ಬಲವಾಗಿದ್ದಾಗ ತೂಗಾಟ ದೊಡ್ಡದಾಗಿ, ಕೋಶ ಕುಗ್ಗಿದಾಗ ಚಿಕ್ಕದಾಗಿ, ಹೊತ್ತು ತಪ್ಪುವುದು ಇನ್ನೊಂದು ದೋಷ. ಲೋಲಕದ ಆವರ್ತಕಾಲವು ತೂಗಾಟದ ಹರವನ್ನು ಅವಲಂಬಿಸಿಲ್ಲವೆಂದು ಪಠ್ಯಪುಸ್ತಕಗಳು ಹೇಳುವುದು ಬಹಳ ಸಣ್ಣ ತೂಗಾಟಕ್ಕೆ ಅನ್ವಯಿಸುವ ಮಾತು. ಮಧ್ಯದಿಂದ ಒಂದೊಂದು ಕಡೆಗೆ 2 ಡಿಗ್ರಿ ತೂಗುತ್ತಿದ್ದ ಲೋಲಕವು 3 ಡಿಗ್ರಿ ತೂಗತೊಡಗಿದರೆ ಗಡಿಯಾರವು ದಿನಕ್ಕೆ ಸುಮಾರು 8 ಸೆಕೆಂಡು ಹಿಂದೆ ಬೀಳುತ್ತದೆ.

ಈ ಎರಡು ದೋಷಗಳನ್ನೂ ಒಂದೇ ಉಪಾಯದಿಂದ ನೀಗಿಸಿದವನು ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಮಥೇವುಸ್ ಹಿಪ್. 1813ರಿಂದ 1893ರ ವರೆಗೆ ಬಾಳಿದ ಇವನು 1840ರ ದಶಕದಲ್ಲಿ ರೂಪಿಸಿದ ಸಾಧನದಲ್ಲಿ ಲೋಲಕದ ದಂಡಕ್ಕೆ ಸಡಿಲವಾಗಿ ತೂಗುವ ಒಂದು ಪುಟ್ಟ ಲೋಹದ ನಾಲಗೆಯಿರುತ್ತದೆ. ಅದರ ಕೆಳಗೆ, ಸ್ಪ್ರಿಂಗ್ ಪಟ್ಟಿಯ ಮೇಲೆ, ಗೀರು ಕೊರೆದ ತುಂಡೊಂದನ್ನು ಕೂಡಿಸಿರುತ್ತದೆ. ತೂಗಾಟ ದೊಡ್ಡದಾಗಿರುವವರೆಗೆ ನಾಲಗೆಯು ಆ ತುಂಡನ್ನು ಸವರಿಕೊಂಡು ಎರಡು ಕಡೆಗೂ ಪೂರ್ತಿ ದಾಟಿ ಹೋಗುತ್ತದೆ. ವಿದ್ಯುತ್ತಿನ ಮಂಡಲ ಮುಚ್ಚುವುದಿಲ್ಲ. ತೂಗಾಟ ಕ್ರಮೇಣ ಕುಗ್ಗಿ ನಾಲಗೆಯು ತುಂಡನ್ನು ದಾಟಲಾರದೆ ಹೋದಾಗ, ಹಿಂದಿರುಗುವಾಗ ಅದರ ತುದಿ ಗೀರಿನಲ್ಲಿ ಸಿಕ್ಕಿಕೊಂಡು ತುಂಡನ್ನು ಕೆಳಕ್ಕೆ ಒತ್ತುತ್ತದೆ. ಆಗ ಮಂಡಲ ಮುಚ್ಚಿ, ವಿದ್ಯುತ್ಕಾಂತವು ಲೋಲಕದ ಬುಡದ ಕಬ್ಬಿಣವನ್ನು ಮಧ್ಯದ ಕಡೆಗೆ ಒಮ್ಮೆ ಸೆಳೆದು ಬಿಡುತ್ತದೆ. ಆ ಒಂದು ಸೆಳೆತದ ಬಲದಿಂದ ಲೋಲಕವು ಮತ್ತೆ ಹಲವು ತೂಗಾಟಗಳನ್ನು ತಾನಾಗಿಯೇ ಮುಗಿಸುತ್ತದೆ.

ಕೋಶವು ಹೊಸದಾಗಿದ್ದರೆ ಸೆಳೆತಗಳ ನಡುವಿನ ಅಂತರ ಹೆಚ್ಚು. ಕೋಶ ಬಳಲಿದಂತೆ ಅಂತರ ಕಡಿಮೆ. ಆದರೆ ತೂಗಾಟದ ಹರವು ಎರಡು ಸ್ಥಿತಿಗಳಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆದ್ದರಿಂದ ಕೈಯಿಂದ ಕಟ್ಟಿದ, ಬಲದಲ್ಲಿ ಏರುಪೇರಾಗುವ ಕೋಶಕ್ಕೆ ಇದಕ್ಕಿಂತ ಒಪ್ಪುವ ಗಡಿಯಾರವಿಲ್ಲ.

ಶಾಲೆಯಲ್ಲಿ ಕಟ್ಟುವ ಬಗೆ

ಮೊದಲು ಕೋಶದ ಆಯ್ಕೆ. ತಾಮ್ರ, ಮೈಲುತುತ್ತ, ಸತುಗಳಿಂದ ಆಗುವ ಡೇನಿಯಲ್ ಕೋಶವು 1836ರಿಂದ ಪ್ರಸಿದ್ಧವಾದದ್ದು. ಪ್ರವಾಹವು ಸದಾ ಹರಿಯುತ್ತಿರುವ ಕೆಲಸಕ್ಕೆ ಅದು ಉತ್ತಮ. ಪ್ರವಾಹವು ನಿಂತಿರುವಾಗ ಅದರ ಎರಡು ದ್ರಾವಣಗಳು ನಿಧಾನವಾಗಿ ಬೆರೆತು ಕೋಶವು ಕೆಡುತ್ತದೆ. ಹಿಪ್‌ನ ಗಡಿಯಾರವು ಬಹುಪಾಲು ಹೊತ್ತು ಪ್ರವಾಹವನ್ನೇ ಬೇಡದಿರುವುದರಿಂದ, ಫ್ರಾನ್ಸಿನ ಲೆಕ್ಲಾಂಶೆಯು 1866ರಲ್ಲಿ ರೂಪಿಸಿದ ಕೋಶವೇ ಇದಕ್ಕೆ ತಕ್ಕುದು. ಕೆಲಸವಿಲ್ಲದಾಗ ಅದು ಹೆಚ್ಚು ಸವೆಯುವುದಿಲ್ಲ. ಕೆಲಸದಲ್ಲಿ ಬಳಲಿದ್ದು ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುತ್ತದೆ.

ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಅರ್ಧ ಲೀಟರ್ ಭಟ್ಟಿಯಿಳಿಸಿದ ನೀರನ್ನು ಹಾಕಿ, 100 ಗ್ರಾಂ ನವಸಾಗರವನ್ನು, ಎಂದರೆ ಅಮೋನಿಯಂ ಕ್ಲೋರೈಡನ್ನು, ಕರಗಿಸಬೇಕು. ಮೆರುಗು ಹಚ್ಚದ ಮಣ್ಣಿನ ಕುಡಿಕೆಯ ನಡುವೆ ಇಂಗಾಲದ ಕಡ್ಡಿಯೊಂದನ್ನು ನಿಲ್ಲಿಸಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಪುಡಿಯನ್ನು ಸಮಭಾಗವಾಗಿ ಬೆರೆಸಿ ಒತ್ತಿ ತುಂಬಬೇಕು. ಕುಡಿಕೆ ದೊರೆಯದಿದ್ದರೆ ಒತ್ತಾದ ಹತ್ತಿಬಟ್ಟೆಯ ಚೀಲವೂ ಆಗುತ್ತದೆ. ಇದನ್ನು ಜಾಡಿಯಲ್ಲಿಟ್ಟು, ಪಕ್ಕದಲ್ಲಿ ಸತುವಿನ ಸರಳನ್ನು ಇಳಿಬಿಟ್ಟರೆ ಸುಮಾರು 1.4 ವೋಲ್ಟಿನ ಕೋಶ ಸಿದ್ಧವಾಗುತ್ತದೆ. ಜಾಡಿಯ ಬಾಯಂಚಿಗೆ ಮೇಣವನ್ನು ಸವರುವುದನ್ನು ಮರೆಯಬಾರದು. ಇಲ್ಲವಾದರೆ ನವಸಾಗರದ ಹರಳುಗಳು ಅಂಚನ್ನು ಏರಿ ಹೊರಗೆ ಹಬ್ಬಿ ತಂತಿಯ ಜೋಡಣೆಗಳನ್ನು ಕೆಡಿಸುತ್ತವೆ. ನೀರು ಆರಿದಷ್ಟನ್ನು ಆಗಾಗ ತುಂಬಬೇಕು. ಹಿಂದಿನವರು ಸತುವಿಗೆ ಪಾದರಸವನ್ನು ಹಚ್ಚುತ್ತಿದ್ದರು. ಪಾದರಸವು ವಿಷವಾದ್ದರಿಂದ ಶಾಲೆಯಲ್ಲಿ ಅದನ್ನು ಬಳಸಲಾಗದು. ಮ್ಯಾಂಗನೀಸಿನ ಅದಿರಿಗೆ ಬಳ್ಳಾರಿ ಜಿಲ್ಲೆಯ ಸಂಡೂರು ಹೆಸರಾದ ಸ್ಥಳವೆಂಬುದನ್ನು ಈ ಸಂದರ್ಭದಲ್ಲಿ ವಿದ್ಯಾರ್ಥಿಗಳಿಗೆ ತಿಳಿಸಬಹುದು.

ಇಂತಹ ಎರಡು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ಸುಮಾರು 3 ವೋಲ್ಟ್ ಆಗುತ್ತದೆ. ವಿದ್ಯುತ್ಕಾಂತಕ್ಕೆ 36ನೆಯ ಗೇಜಿನ ಲೇಪಿತ ತಾಮ್ರದ ತಂತಿಯನ್ನು ಸುಮಾರು 250 ಮೀಟರ್ ಸುತ್ತಿದರೆ 150 ಓಮ್ ರೋಧ ದೊರೆಯುತ್ತದೆ. ಸೆಳೆತದ ಕ್ಷಣದಲ್ಲಿ ಸುಮಾರು 20 ಮಿಲಿಆಂಪಿಯರ್ ಹರಿಯುತ್ತದೆ. ಮಂಡಲ ಬಿಡುವಾಗ ಹುಟ್ಟುವ ಕಿಡಿಯು ಸಂಪರ್ಕದ ತುದಿಗಳನ್ನು ಸುಡುವುದರಿಂದ, ಸುರುಳಿಗೆ ಸಮಾಂತರವಾಗಿ 1,500 ಓಮಿನ ರೋಧಕವನ್ನು ಜೋಡಿಸಬೇಕು.

ಲೋಲಕದ ದಂಡಕ್ಕೆ ಚೆನ್ನಾಗಿ ಒಣಗಿ ವಾರ್ನಿಷ್ ಕುಡಿದ ನೇರ ಎಳೆಯ ತೇಗ ಒಳ್ಳೆಯದು. ಉಕ್ಕಿನ ದಂಡವಾದರೆ 10 ಡಿಗ್ರಿ ಸೆಲ್ಸಿಯಸ್ ಸೆಕೆ ಏರಿದಾಗ ಹಿಗ್ಗಿ, ದಿನಕ್ಕೆ ಸುಮಾರು 5 ಸೆಕೆಂಡು ಹಿಂದೆ ಬೀಳುತ್ತದೆ. ಮರವು ಎಳೆಯ ಉದ್ದಕ್ಕೆ ಅದಕ್ಕಿಂತ ಕಡಿಮೆ ಹಿಗ್ಗುತ್ತದೆ. ಒಂದು ಕಿಲೋಗ್ರಾಂ ತೂಕದ ಹಿತ್ತಾಳೆಯ ಗುಂಡನ್ನು ತಿರುಪಿನ ಮೇಲೆ ಕೂಡಿಸಿ, ದಂಡವನ್ನು ತೆಳ್ಳನೆಯ ಉಕ್ಕಿನ ಪಟ್ಟಿಯಿಂದ ಗೋಡೆಯ ಗಟ್ಟಿ ಆಧಾರಕ್ಕೆ ತೂಗಹಾಕಬೇಕು. ಎರಡು ಸೆಕೆಂಡಿಗೊಮ್ಮೆ ಹೋಗಿ ಬರುವ ಲೋಲಕದ ಉದ್ದವು ಇಂಗ್ಲಿಷ್ ಪುಸ್ತಕಗಳಲ್ಲಿ 99.4 ಸೆಂಟಿಮೀಟರೆಂದು ಕಾಣುತ್ತದೆ. ಅದು ಲಂಡನ್ನಿನ ಅಳತೆ. ಬೆಂಗಳೂರಿನಲ್ಲಿ ಗುರುತ್ವದ ವೇಗೋತ್ಕರ್ಷವು 9.78 ಆಗಿರುವುದರಿಂದ ಇಲ್ಲಿ ಆ ಉದ್ದವು 99.1 ಸೆಂಟಿಮೀಟರ್. ಲಂಡನ್ನಿನ ಅಳತೆಯನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಗುಂಡನ್ನು ಒಂದು ಮಿಲಿಮೀಟರ್ ಮೇಲಕ್ಕೆತ್ತಿದರೆ ಗಡಿಯಾರವು ದಿನಕ್ಕೆ ಸುಮಾರು 44 ಸೆಕೆಂಡು ಮುಂದಾಗುತ್ತದೆ. ಇಷ್ಟು ತಿಳಿದಿದ್ದರೆ ತಿದ್ದುವ ಕೆಲಸ ಸುಲಭ. ಪ್ರತಿ ಪೂರ್ಣ ತೂಗಾಟಕ್ಕೆ ಒಂದು ಹಲ್ಲಿನಂತೆ 30 ಹಲ್ಲಿನ ಚಕ್ರವನ್ನು ಕೊಕ್ಕೆಯಿಂದ ತಿರುಗಿಸಿದರೆ ಆ ಚಕ್ರವು ನಿಮಿಷಕ್ಕೊಮ್ಮೆ ಸುತ್ತುತ್ತದೆ. ಅಲ್ಲಿಂದ ಮುಂದಿನದು ಸಾಮಾನ್ಯ ಗಡಿಯಾರದ ಚಕ್ರಜೋಡಣೆ.

ವರ್ಷದ ಲೆಕ್ಕ

ಈ ಗಡಿಯಾರದ ಖರ್ಚನ್ನು ಲೆಕ್ಕ ಹಾಕಿಸುವುದು ಕಟ್ಟುವಷ್ಟೇ ಪ್ರಯೋಜನಕರವಾದ ಅಭ್ಯಾಸ. 2 ಡಿಗ್ರಿ ತೂಗುವ ಮೇಲಿನ ಲೋಲಕದಲ್ಲಿರುವ ಶಕ್ತಿ ಸುಮಾರು 0.006 ಜೂಲ್. ತಳ್ಳದೆ ಬಿಟ್ಟಾಗ ಅದರ ತೂಗಾಟವು 15 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವುದೆಂದು ಇಟ್ಟುಕೊಂಡರೆ, ಅದನ್ನು ವರ್ಷವಿಡೀ ತೂಗಿಸಲು ಬೇಕಾದ ಶಕ್ತಿಯೆಲ್ಲ ಸೇರಿ 300 ಜೂಲಿಗೂ ಕಡಿಮೆ. ಒಂದು ಲೋಟ ನೀರನ್ನು ಒಂದು ಡಿಗ್ರಿ ಬಿಸಿಮಾಡಲೂ ಅದು ಸಾಲದು.

ಸುರುಳಿಯಲ್ಲಿ ಬಹುಪಾಲು ಶಕ್ತಿ ಶಾಖವಾಗಿ ವ್ಯರ್ಥವಾಗುವುದರಿಂದ ಕೋಶವು ಇದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ. 30 ಸೆಕೆಂಡಿಗೊಮ್ಮೆ, 0.15 ಸೆಕೆಂಡಿನ ಕಾಲ, 20 ಮಿಲಿಆಂಪಿಯರ್ ಹರಿಯಿತೆಂದರೆ ಸರಾಸರಿ ಪ್ರವಾಹವು 0.1 ಮಿಲಿಆಂಪಿಯರ್. ಫ್ಯಾರಡೆಯ ವಿದ್ಯುದ್ವಿಭಜನೆಯ ನಿಯಮದಂತೆ ಒಂದೊಂದು ಕೋಶದಲ್ಲಿ ವರ್ಷಕ್ಕೆ ಸವೆಯುವ ಸತು ಸುಮಾರು ಒಂದು ಗ್ರಾಂ. ಮ್ಯಾಂಗನೀಸ್ ಡೈಆಕ್ಸೈಡ್ ಸುಮಾರು 3 ಗ್ರಾಂ. ನವಸಾಗರ ಸುಮಾರು 2 ಗ್ರಾಂ. ಜಾಡಿಯಲ್ಲಿ ಹಾಕಿದ ಸಾಮಗ್ರಿಯು ಲೆಕ್ಕದ ಪ್ರಕಾರ ದಶಕಗಳಿಗೆ ಸಾಕಾಗಬೇಕು. ವಾಸ್ತವದಲ್ಲಿ ಸತುವಿನ ಕಲ್ಮಷಗಳು ತಂದೊಡ್ಡುವ ವ್ಯರ್ಥ ಸವೆತವೂ, ನೀರಿನ ಆವಿಯೂ, ಸಂಪರ್ಕಗಳ ಕಿಲುಬೂ ಅದಕ್ಕೆ ಮುಂಚೆಯೇ ಕೋಶವನ್ನು ಬಳಲಿಸುತ್ತವೆ. ಗಡಿಯಾರಕ್ಕಾಗಿ ಆದ ಖರ್ಚು ಅಲ್ಪ. ಅಜಾಗರೂಕತೆಯಿಂದ ಆಗುವ ನಷ್ಟವೇ ಅಧಿಕ. ವರ್ಷದ ಕೊನೆಗೆ ಸತುವಿನ ಸರಳನ್ನು ತೊಳೆದು ಒಣಗಿಸಿ ತೂಗಿ, ಲೆಕ್ಕದ ಒಂದು ಗ್ರಾಮಿಗೂ ತಕ್ಕಡಿ ತೋರಿಸುವ ತೂಕಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಕಂಡುಹಿಡಿದರೆ, ಅದು ಪಠ್ಯಪುಸ್ತಕದಲ್ಲಿಲ್ಲದ ಒಂದು ಸ್ವಂತ ಫಲಿತಾಂಶವಾಗುತ್ತದೆ.

ಗೋಡೆಯ ಕ್ವಾರ್ಟ್ಸ್ ಗಡಿಯಾರವು ಅಂಗಡಿಯ ಒಂದು ಪುಟ್ಟ ಕೋಶದಿಂದ ವರ್ಷಕ್ಕೂ ಮೇಲ್ಪಟ್ಟು ನಡೆಯುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಕ್ವಾರ್ಟ್ಸ್ ಗಡಿಯಾರವೂ ಇದೇ ಮಿತವ್ಯಯದಿಂದಲೇ ನಡೆಯುತ್ತದೆ. ಆದರೆ ಅದರ ವ್ಯವಹಾರವೆಲ್ಲ ಕಣ್ಣಿಗೆ ಕಾಣದ ತುಣುಕಿನೊಳಗೆ ಮುಗಿಯುತ್ತದೆ. ಇಲ್ಲಿ ನಾಲಗೆಯು ಗೀರಿನಲ್ಲಿ ಸಿಕ್ಕುವುದು, ಕಾಂತವು ಸೆಳೆಯುವುದು, ಸತುವು ಸವೆಯುವುದು ಎಲ್ಲವೂ ಕಣ್ಣೆದುರಿಗೇ ನಡೆಯುತ್ತವೆ. ಎರಡು ಸೆಳೆತಗಳ ನಡುವೆ ಎಷ್ಟು ತೂಗಾಟಗಳಾದವೆಂದು ಎಣಿಸಿದರೆ ಕೋಶದ ಆರೋಗ್ಯವೂ ತಿಳಿಯುತ್ತದೆ.

ಇದಕ್ಕಾಗಿ ಗಡಿಯಾರದ ಬಳಿ ದಿನಚರಿಯ ಪುಸ್ತಕವೊಂದನ್ನು ಇಡಬೇಕು. ದಿನಾಂಕ, ಹವೆಯ ಉಷ್ಣತೆ, ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಕಾಪಾಡುವ ಭಾರತೀಯ ಕಾಲಮಾನಕ್ಕೂ ಗಡಿಯಾರಕ್ಕೂ ಇರುವ ಅಂತರ, ಸೆಳೆತಗಳ ನಡುವಣ ತೂಗಾಟಗಳ ಸಂಖ್ಯೆ, ತುಂಬಿದ ನೀರಿನ ಅಳತೆ, ಬರೆದವರ ಹೆಸರು ಇವು ಅದರಲ್ಲಿರಬೇಕು. ಪುಸ್ತಕದ ಮೊದಲ ಹಾಳೆಯಲ್ಲಿ ಕೋಶವನ್ನು ಕಟ್ಟಿದ ಬಗೆ, ಪ್ರತಿಯೊಂದು ಪದಾರ್ಥದ ತೂಕ, ತಂತಿಯ ಉದ್ದ, ಚಕ್ರದ ಹಲ್ಲುಗಳ ಎಣಿಕೆ ಇವನ್ನು ಬಿಡದೆ ಬರೆಯಬೇಕು. ಒಂದು ತಂಡದ ವಿದ್ಯಾರ್ಥಿಗಳು ಶಾಲೆಯನ್ನು ಬಿಟ್ಟುಹೋಗುವಾಗ ಗಡಿಯಾರವನ್ನೂ ಪುಸ್ತಕವನ್ನೂ ಮುಂದಿನ ತಂಡಕ್ಕೆ ಒಪ್ಪಿಸಬೇಕು.

ಆಕ್ಸ್‌ಫರ್ಡಿನ ಘಂಟೆಯ ಜೊತೆಗೆ ಉಳಿದು ಬಂದದ್ದು ಸ್ಥಾಪನೆಯ ವರ್ಷವನ್ನು ತಿಳಿಸುವ ಚೀಟಿ ಮಾತ್ರ. ಒಳಗಿನ ಪದಾರ್ಥಗಳ ಪಟ್ಟಿ ಅದರಲ್ಲಿಲ್ಲ. ನಾಲ್ಕು ಸಾಲು ಹೆಚ್ಚಾಗಿ ಬರೆದಿದ್ದರೆ ಒಂದು ಶತಮಾನಕ್ಕೂ ಹಿರಿದಾದ ಪ್ರಶ್ನೆಯೊಂದು ಹುಟ್ಟುತ್ತಲೇ ಇರಲಿಲ್ಲ. ದೀರ್ಘಕಾಲ ನಡೆಯುವ ಯಂತ್ರವನ್ನು ಕಟ್ಟುವವರು ಅದನ್ನು ತಾವು ಕಾಣದ ಕೈಗಳಿಗೆ ಬಿಟ್ಟುಹೋಗುತ್ತಾರೆ. ಆ ಕೈಗಳಿಗೆ ಯಂತ್ರದಷ್ಟೇ ಅಗತ್ಯವಾದದ್ದು, ಅದನ್ನು ಮತ್ತೆ ಕಟ್ಟಲು ಬೇಕಾದ ತಿಳಿವಳಿಕೆ.